ಎಲ್ಲರೂ ಒಪ್ಪಿದ ಹಲಸಿನಹಣ್ಣು

ನಮ್ಮ ಮನೆಯಲ್ಲಿ ಯಾವ ತೀರ್ಮಾನವಾದರೂ ಊಟದ ಪಂಕ್ತಿಯಲ್ಲೇ ಆಗಬೇಕಿತ್ತು. ಸಾರಿನ ಅನ್ನ ಮುಗಿದು ಮಜ್ಜಿಗೆಗೆ ಬರುವ ಹೊತ್ತಿಗೆ ಅಪ್ಪ ಒಮ್ಮೆ ಕೆಮ್ಮಿ ವಿಷಯ ಎತ್ತುತ್ತಿದ್ದರು. ಮುಂಬಾಗಿಲಿಗೆ ಹಸಿರು ಬಣ್ಣ ಹೊಡೆಸುವುದೋ ನೀಲಿಯೋ, ಕೊಟ್ಟಿಗೆಯ ಎಮ್ಮೆಯನ್ನು ಮಾರುವುದೋ ಇಟ್ಟುಕೊಳ್ಳುವುದೋ, ಹೆಣ್ಣು ನೋಡಲು ಹೊರಟ ಚಿಕ್ಕಪ್ಪ ಮೀಸೆ ತೆಗೆಯುವುದೋ ಬಿಡುವುದೋ, ಎಲ್ಲಕ್ಕೂ ಒಂದೇ ಕ್ರಮ. "ಆಗಬಹುದು ಅನ್ನೋರು ಕೈ ಎತ್ತಿ" ಎನ್ನುತ್ತಿದ್ದರು ಅಪ್ಪ. ಬಲಗೈ ಎಂಜಲಾಗಿರುತ್ತಿದ್ದುದರಿಂದ ನಾವೆಲ್ಲ ಎಡಗೈ ಎತ್ತುತ್ತಿದ್ದೆವು. ಅಮ್ಮ ಬಡಿಸುತ್ತ ನಿಂತಿರುತ್ತಿದ್ದಳು. ಬಲಗೈಯಲ್ಲಿ ಸೌಟು ಹಿಡಿದುಕೊಂಡೇ ಅವಳೂ ಎಡಗೈ ಎತ್ತುತ್ತಿದ್ದಳು. ಅಜ್ಜಿಯ ಕೈ ಎಲ್ಲರಿಗಿಂತ ಕೊನೆಗೆ ಮೇಲೇಳುತ್ತಿತ್ತು, ಅದೂ ಭುಜದವರೆಗೆ ಮಾತ್ರ. ಇನ್ನೂ ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ನನಗೂ ಎತ್ತಲು ಒಂದು ಕೈ ಇತ್ತು, ಅದನ್ನೂ ಅಪ್ಪ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಚಿಕ್ಕಪ್ಪನ ಮೀಸೆ ಹೋದದ್ದರಲ್ಲಿ ನನ್ನ ಪಾಲೂ ಇದೆ. ಮೀಸೆಯೂ ಹೋಯಿತು, ಆ ಹೆಣ್ಣೂ ಒಪ್ಪಲಿಲ್ಲ.

ಅಪ್ಪನಿಗೆ ಈ ಹುಚ್ಚು ಹಿಡಿಯಲು ಕಾರಣವಿತ್ತು. ಅರಕಲಗೂಡು ಕಡೆಯಿಂದ ಬಂದ ಅವರು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಗಾಗೆದ್ದು ಆಳುಗಳ ಹಾಜರಿ ಹಿಡಿಯುವುದು, ಯಾರು ಕಳೆ ತೆಗೆಯಬೇಕು, ಯಾರು ಗೊಬ್ಬರ ಹೊರಬೇಕು ಎಂದು ಕೆಲಸ ಹಂಚುವುದು, ಸಂಜೆ ಮ್ಯಾನೇಜರ ಎದುರು ನಿಂತು ಬೈಸಿಕೊಳ್ಳುವುದು, ಇದು ಅವರ ದಿನ. ಮ್ಯಾನೇಜರು ಏನೇ ಹೇಳಲಿ, ತಪ್ಪೋ ಸರಿಯೋ, ಇವರ ಬಾಯಲ್ಲಿ ಬರಬೇಕಾದದ್ದು ಎಸ್ ಸಾರ್ ಎಂಬ ಒಂದೇ ಮಾತು. ದಿನವಿಡೀ ಅದನ್ನೇ ಹೇಳಿ ಬಾಯಿ ಕಹಿಯಾದ ಮನುಷ್ಯ ಮನೆಗೆ ಬಂದ ಮೇಲೆ ಯಾರಿಗೂ ಅಪ್ಪಣೆ ಮಾಡಕೂಡದೆಂದು ನಿಶ್ಚಯಿಸಿಕೊಂಡಿದ್ದರು. "ತೋಟದಲ್ಲಿ ಒಬ್ಬನ ಮಾತು ನಡೆಯುತ್ತೆ. ನಮ್ಮನೇಲಿ ಎಲ್ಲರ ಮಾತೂ ನಡೀಬೇಕು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ಮೆಚ್ಚಿ ತಲೆದೂಗುತ್ತಿದ್ದರು. ನನಗಂತೂ ಹೆಮ್ಮೆಯೋ ಹೆಮ್ಮೆ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಡುಗಿಯರ ಮನೆಗಳಲ್ಲಿ ಅಪ್ಪಂದಿರು ಗುಡುಗುತ್ತಿದ್ದರು, ಅಮ್ಮಂದಿರು ಮೂಗು ಒರೆಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಜಗಳವೆಂಬುದೇ ಇರಲಿಲ್ಲ. ಒಬ್ಬರ ಕೈ ಮೇಲಿದ್ದು ಇನ್ನೊಬ್ಬರದು ಕೆಳಗಿದ್ದ ದಿನ ನನಗೆ ಒಂದೂ ನೆನಪಿಲ್ಲ. ಇಷ್ಟು ಒಮ್ಮತದ ಮನೆಯಲ್ಲಿ ಹುಟ್ಟಿದ್ದು ನನ್ನ ಪುಣ್ಯ ಎಂದುಕೊಂಡಿದ್ದೆ.

ಮನೆ ಎಸ್ಟೇಟಿನದೇ. ಮುಂದೆ ಅಪ್ಪನ ಮೇಜು ಕುರ್ಚಿ ಇದ್ದ ಕೋಣೆ, ಅದಕ್ಕೆ ಆಫೀಸು ಎಂದೇ ಹೆಸರು. ಅಲ್ಲಿ ಮ್ಯಾನೇಜರು ಯಾವಾಗ ಬೇಕಾದರೂ ಬಂದು ಕೂರಬಹುದೆಂದು ನಾವು ಯಾರೂ ಕಾಲಿಡುತ್ತಿರಲಿಲ್ಲ. ಮ್ಯಾನೇಜರು ಒಂದು ದಿನವೂ ಬಂದು ಕೂರಲಿಲ್ಲ ಎನ್ನುವುದು ಬೇರೆ ಮಾತು. ನಡುವೆ ಉಣ್ಣುವ, ಮಲಗುವ, ಓದುವ ಜಾಗ. ಬಲಕ್ಕೆ ಹೊಗೆ ಹಿಡಿದ ಅಡುಗೆಮನೆ. ಎಲ್ಲಕ್ಕೂ ಹಿಂದೆ, ಆಮೇಲೆ ಯಾವಾಗಲೋ ಸೇರಿಸಿದ ಒಂದು ಕೋಣೆ. ಅದರ ಗೋಡೆ ಹಸಿ ಇಟ್ಟಿಗೆಯದು, ಮೇಲೆ ತಗಡು. ಗೋಡೆಯಾಚೆ ಕೈ ಚಾಚಿದರೆ ಕಾಫಿ ಗಿಡ. ಆ ಕೋಣೆ ಅಜ್ಜಿಯದಾಗಿತ್ತು. ಮಂಡಿ ನೋವಿನ ಅಜ್ಜಿಗೆ ಬಚ್ಚಲು ಹತ್ತಿರವಾಗುತ್ತದೆಂದು ಈ ಮನೆಗೆ ಬಂದ ದಿನವೇ ಎಲ್ಲರೂ ಕೈ ಎತ್ತಿ ಕೊಟ್ಟದ್ದು. ಅಜ್ಜಿ ಅಲ್ಲಿ ಲಾಟೀನು ಉರಿಸಿಕೊಂಡೇ ಮಲಗುತ್ತಿದ್ದಳು. ಸೀಮೆಎಣ್ಣೆ ದಂಡ ಎಂದು ಚಿಕ್ಕಪ್ಪ ರೇಗಿಸಿದರೆ ನಕ್ಕು ಸುಮ್ಮನಾಗುತ್ತಿದ್ದಳು.

ಆನೆ ನಮ್ಮ ಕಡೆಯವರಿಗೆ ಹೊಸದಲ್ಲ. ಮುಂಗಾರಿಗೆ ಹಲಸು ಬಲಿಯುತ್ತದೆ, ಹಲಸು ಬಲಿತರೆ ಆನೆ ಬರುತ್ತದೆ. ಹಾಗಾಗಿ ಎಸ್ಟೇಟಿನವರು ಮನೆಗಳ ಸುತ್ತ, ಆಳುಗಳು ವಾಸವಿದ್ದ ಲೈನುಮನೆಗಳ ಸುತ್ತ ಇರುವ ಮರಗಳಿಂದ ಹಲಸಿನಕಾಯಿಯನ್ನೆಲ್ಲ ಹಣ್ಣಾಗುವ ಮೊದಲೇ ಕೊಯ್ದು ಕೆಡವಿಸಿ, ಟ್ರ್ಯಾಕ್ಟರಿನಲ್ಲಿ ಹೊತ್ತೊಯ್ದು ದೂರದ ಗುಂಡಿಗೆ ಹಾಕಿಸುತ್ತಾರೆ. ಮರದಲ್ಲಿ ಕಾಯಿ ಇಲ್ಲದಿದ್ದರೆ ಆನೆಗೆ ಈ ಕಡೆ ಕೆಲಸವಿಲ್ಲ. ಆ ಟ್ರ್ಯಾಕ್ಟರು ಓಡಿಸುತ್ತಿದ್ದವನು ನನ್ನ ಚಿಕ್ಕಪ್ಪ. ಆ ವರ್ಷ ನಮ್ಮ ಮನೆಯ ಸುತ್ತಲಿನ ಮರಗಳನ್ನು ಬರಿದು ಮಾಡಿದ ದಿನ ಊಟಕ್ಕೆ ಕುಳಿತಾಗ ಮಾತಿನ ಮೇಲೆ ಮಾತು ಬಂದು ಅಪ್ಪ ಹೇಳಿದರು:

"ಈ ವಾರ ತಂಗಿ ಬರ್ತಾಳಂತೆ. ಚಿಕ್ಕೋಳಿದ್ದಾಗ ಹಲಸಿನಹಣ್ಣು ಅಂದ್ರೆ ಪ್ರಾಣ ಬಿಡ್ತಿದ್ಲು."

ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತಿದ.

"ಹಂಗಾದ್ರೆ ಬಲಿತಿರೋ ಕಾಯಿ ಒಂದಷ್ಟು ಮನೇಲಿ ಎತ್ತಿಡ್ಲಾ ಅಣ್ಣ? ಗುಂಡಿಗೆ ಹಾಕಿದ್ರೆ ಹಾಳೇ ಅಲ್ವಾ."

"ಎಲ್ಲಿಡೋದು?" ಎಂದಳು ಅಮ್ಮ.

"ಅವ್ವನ ಮಂಚದ ಕೆಳಗೆ ಜಾಗ ಐತಲ್ಲ ಅತ್ತಿಗೆ. ಮೇಲೆ ಗೋಣಿಚೀಲ ಹೊದಿಸಿದ್ರಾಯ್ತು."

ಅಪ್ಪ ಎಲ್ಲರ ಮುಖ ನೋಡಿ, ಆಗಬಹುದು ಅನ್ನೋರು ಕೈ ಎತ್ತಿ ಎಂದರು. ಚಿಕ್ಕಪ್ಪನ ಕೈ, ಅಪ್ಪನ ಕೈ, ಅಮ್ಮನ ಕೈ, ನನ್ನ ಕೈ, ಕೊನೆಗೆ ಭುಜದವರೆಗೆ ಅಜ್ಜಿಯ ಕೈ. ಮುಗಿಯಿತು. ಮಾರನೆಯ ದಿನ ಕಾಯಿ ಬಂದವು, ಮಂಚದ ಕೆಳಗೆ ಸೇರಿದವು. ಅತ್ತೆ ಮಾತ್ರ ಬರಲಿಲ್ಲ; ಮಗುವಿಗೆ ಜ್ವರ, ಮುಂದಿನ ವಾರ ಬರುತ್ತೇನೆಂದು ಹೇಳಿ ಕಳಿಸಿದಳು. ಕಾಯಿಗಳು ಯಾರಿಗಾಗಿಯೂ ಕಾಯದೆ ಒಂದೊಂದಾಗಿ ಹಣ್ಣಾದವು. ಅಜ್ಜಿಯ ಕೋಣೆಯಿಂದ ಹೊರಟ ಘಮಲು ನಡುಮನೆ ದಾಟಿ ಆಫೀಸಿಗೂ ಬಂತು. ಶಾಲೆಯಿಂದ ಬರುವಾಗ ದೂರದಲ್ಲೇ ನಮ್ಮ ಮನೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನನಗದು ಹಬ್ಬದ ಹಾಗಿತ್ತು.

ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಅಮ್ಮ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಅಜ್ಜಿ ಕಾಲು ನೋವೆಂದು ಬೇಗ ಹೋಗಿ ಮಲಗಿದ್ದಳು. ಮೊದಲು ತಗಡು ಕಿರ್ ಎಂದು ಸದ್ದು ಮಾಡಿತು. ಗಾಳಿ ಇರಬೇಕೆಂದು ಚಿಕ್ಕಪ್ಪ ಹೇಳುತ್ತಿದ್ದಂತೆಯೇ ಹಿಂದಿನಿಂದ ಮಣ್ಣಿನ ಹೇರು ಸುರಿದಂಥ ದೊಡ್ಡ ಸದ್ದಾಯಿತು. ನಾವೆಲ್ಲ ಓಡಿ ಅಜ್ಜಿಯ ಕೋಣೆಯ ಬಾಗಿಲಲ್ಲಿ ಗುಂಪಾಗಿ ನಿಂತೆವು. ಹಿಂದಿನ ಗೋಡೆಯ ಅರ್ಧ ಇರಲಿಲ್ಲ. ಅದಿದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಹಣೆ ಇತ್ತು, ಒದ್ದೆಯಾಗಿತ್ತು. ಸೊಂಡಿಲು ಒಳಗೆ ಬಂದಿತ್ತು. ಮಂಚದ ಮೇಲೆ ಅಜ್ಜಿ ಮಂಡಿ ಎದೆಗೆ ಎಳೆದುಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಿದ್ದಳು. ಸೊಂಡಿಲು ಅವಳನ್ನು ಕೇಳಲೂ ಇಲ್ಲ, ಮುಟ್ಟಲೂ ಇಲ್ಲ. ಮಂಚದ ಕೆಳಗೆ ತಡಕಿ ಒಂದು ಹಣ್ಣನ್ನು ಉರುಳಿಸಿ ಹೊರಗೆಳೆದುಕೊಂಡಿತು. ಆಚೆಯಿಂದ ಅದನ್ನು ಅಗಿಯುವ ಸದ್ದು ಬಂತು. ಮತ್ತೆ ಸೊಂಡಿಲು ಒಳಗೆ ಬಂತು. ಅಷ್ಟು ಶಾಂತವಾಗಿ, ತನ್ನ ಮನೆಯ ಕಣಜದಿಂದ ತೆಗೆದುಕೊಳ್ಳುವವರ ಹಾಗೆ. ಇಷ್ಟು ವರ್ಷಗಳಾದರೂ ಆ ಶಾಂತತನ ನನಗೆ ಮರೆತಿಲ್ಲ.

ಚಿಕ್ಕಪ್ಪ ಆನೆ ಓಡಿಸಲೆಂದು ಮನೆಯಲ್ಲಿಟ್ಟಿದ್ದ ಪಟಾಕಿಯನ್ನೂ ಬೆಂಕಿಪೊಟ್ಟಣವನ್ನೂ ತಂದಿದ್ದ. ಆದರೆ ಸಿಡಿದ ಸದ್ದಿಗೆ ಆನೆ ಬೆದರಿ ನುಗ್ಗಿದರೆ ಅಜ್ಜಿಯ ಗತಿ ಏನು? ಹಚ್ಚದೆ ಬಿಟ್ಟರೆ, ಹಣ್ಣು ಮುಗಿದ ಮೇಲೆ ಆನೆ ಏನು ಮಾಡುತ್ತದೆ?

"ಅಣ್ಣ, ಹಚ್ಲಾ?" ಎಂದು ಪಿಸುಗುಟ್ಟಿದ.

ಅಪ್ಪ ತಿರುಗಿ ನಮ್ಮ ಮುಖ ನೋಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಚಿಕ್ಕಪ್ಪನದು, ಅಮ್ಮನದು, ಕೊನೆಗೆ ನನ್ನದು. ಅವರು ಏನು ಹುಡುಕುತ್ತಿದ್ದಾರೆಂದು ನನಗೆ ಆ ಕ್ಷಣವೇ ಹೊಳೆಯಿತು. ನಾವು ಕೈ ಎತ್ತಲೆಂದು ಕಾಯುತ್ತಿದ್ದರು. ಆನೆಗಿಂತ ಹೆಚ್ಚಾಗಿ ನಾನು ಹೆದರಿದ್ದು ಆ ನೋಟಕ್ಕೆ. ನನ್ನ ಅಪ್ಪನಿಗೆ ಏನು ಮಾಡಬೇಕೆಂದು ಗೊತ್ತಿಲ್ಲ, ಅವರು ನನ್ನನ್ನು ಕೇಳುತ್ತಿದ್ದಾರೆ.

ಅಷ್ಟರಲ್ಲಿ ಅಮ್ಮ ನಮ್ಮನ್ನೆಲ್ಲ ಪಕ್ಕಕ್ಕೆ ತಳ್ಳಿ ಒಳಗೆ ಹೋದಳು. ಅವಳ ಕೈಗೆ ಇನ್ನೂ ಅಕ್ಕಿಹಿಟ್ಟು ಮೆತ್ತಿತ್ತು. ಯಾರನ್ನೂ ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಗೋಡೆಗೆ ಬೆನ್ನು ಒತ್ತಿಕೊಂಡು ಮಂಚದವರೆಗೆ ಸರಿದು, ಅಜ್ಜಿಯ ಎರಡೂ ಕಂಕುಳಿಗೆ ಕೈ ಹಾಕಿ ಎಳೆದಳು. ಮಂಚ ಕಿರುಗುಟ್ಟಿತು. ಸೊಂಡಿಲು ಅಲ್ಲೇ ನಿಂತಿತು. ಆಮೇಲೆ ಅದು ಇನ್ನೊಂದು ಹಣ್ಣಿನ ಮೇಲೆ ಸುತ್ತಿಕೊಂಡಿತು, ಅಮ್ಮ ಅಜ್ಜಿಯನ್ನು ಬಾಗಿಲಾಚೆ ತಂದು ನೆಲದ ಮೇಲೆ ಕೂರಿಸಿದಳು. ಅಜ್ಜಿಯ ಪಾದದ ಮೇಲೆ ಇಟ್ಟಿಗೆ ಬಿದ್ದು ಊದಿಕೊಂಡಿತ್ತು, ಅಷ್ಟೇ. ಆನೆ ಒಂದು ಹಣ್ಣನ್ನೂ ಉಳಿಸದೆ ತಿಂದು, ಬಂದ ದಾರಿಯಲ್ಲೇ ಕಾಫಿ ಗಿಡಗಳ ನಡುವೆ ಇಳಿದು ಹೋಯಿತು. ಲೈನಿನಿಂದ ಜನ ದೊಂದಿ ಹಿಡಿದು ಬಂದರು. ಅವರಲ್ಲೊಬ್ಬಳು ಚೆಲ್ಲಮ್ಮ ಎಂಬಾಕೆ ಅಜ್ಜಿಗೆ ಬಿಸಿ ಕಾಫಿ ಕುಡಿಸುತ್ತ, "ಹಲಸಿನಹಣ್ಣ ಮನೆಗುಳ್ಳೆ ಇಡ್ತಾರಾ ರೈಟರಮ್ಮಾ" ಎಂದು, ಮನೆಯೊಳಗೆ ಯಾರಾದರೂ ಹಣ್ಣು ಇಡುತ್ತಾರಾ ಎಂದು, ಅಮ್ಮನಿಗೆ ತನ್ನ ತಮಿಳು ಬೆರೆತ ಕನ್ನಡದಲ್ಲಿ ಒಂದೇ ಸಮನೆ ಹೇಳುತ್ತಿದ್ದಳು.

ನನ್ನ ಬದುಕಿನ ನಿಜವಾದ ಆಘಾತ ಆನೆಯದಲ್ಲ. ಅದು ಮಾರನೆಯ ಬೆಳಿಗ್ಗೆ ಆದದ್ದು. ಅಜ್ಜಿಯ ಕೋಣೆಯೊಳಗೆ ಬಿಸಿಲು ಬಿದ್ದಿತ್ತು. ನಾವೆಲ್ಲ ಒಡೆದ ಇಟ್ಟಿಗೆ ಆಯುತ್ತಿದ್ದೆವು. ಚಿಕ್ಕಪ್ಪ ಇದ್ದಕ್ಕಿದ್ದಂತೆ ಕೈಲಿದ್ದ ಇಟ್ಟಿಗೆ ಕೆಳಗಿಟ್ಟ.

"ನಂಗೊತ್ತಿತ್ತಣ್ಣ. ಹೋದ್ವರ್ಷ ಪಕ್ಕದ ಎಸ್ಟೇಟ್ ಲೈನಲ್ಲೂ ಹಿಂಗೇ ಹಣ್ಣಿಟ್ಟಿದ್ರು. ಅಲ್ಲೂ ಗೋಡೆ ಕೆಡವಿತ್ತು."

"ಗೊತ್ತಿದ್ದೂ ಎತ್ತಿಡ್ಲಾ ಅಂತ ನೀನೇ ಕೇಳಿದ್ಯಲ್ಲೋ" ಎಂದರು ಅಪ್ಪ.

"ನೀನು ತಂಗಿ ಮಾತು ತೆಗ್ದೆ. ನಿಂಗೆ ಆಸೆ ಇರ್ಬೇಕು, ಬಾಯ್ಬಿಟ್ಟು ಹೇಳ್ತಿಲ್ಲ ಅಂದ್ಕೊಂಡೆ. ನೀನು ಬ್ಯಾಡ ಅಂತೀಯ ಅಂತ ಕಾಯ್ತಿದ್ದೆ."

ಅಪ್ಪ ಅವನನ್ನೇ ನೋಡಿದರು.

"ನಾನು ಸುಮ್ನೆ ಮಾತಿಗೆ ಹೇಳಿದ್ದು ಕಣೋ. ಹಣ್ಣು ಒಳಗಿಡೋದು ನಂಗೂ ಮನಸ್ಸಿರಲಿಲ್ಲ. ನೀವೆಲ್ಲ ಇಷ್ಟಪಟ್ಟಾಗ ನಾನೊಬ್ಬ ಅಡ್ಡ ಬರೋದು ಬೇಡ ಅಂತ ಕೈ ಎತ್ತಿದೆ."

ಅಮ್ಮ ಪೊರಕೆ ಹಿಡಿದು ನಿಂತಿದ್ದವಳು ನಿಧಾನವಾಗಿ ಹೇಳಿದಳು.

"ವಾಸನೆ ಹೊಳೆತನಕ ಹೋಗುತ್ತೆ ಅಂತ ನಂಗೂ ಗೊತ್ತಿತ್ತು. ನೀವಿಬ್ರೂ ತೋಟದಲ್ಲೇ ಓಡಾಡೋರು ಎತ್ತಿದ್ರಲ್ಲ, ನಿಮಗಿಂತ ನಂಗೇನು ಗೊತ್ತು ಅಂದ್ಕೊಂಡೆ."

ಮೂವರೂ ಮುಖ ಮುಖ ನೋಡಿಕೊಂಡರು. ನಾನು ಬೆಪ್ಪಾಗಿ ನಿಂತೆ. ಹಾಗಾದರೆ ಆ ಹಣ್ಣು ಬೇಕಾಗಿದ್ದದ್ದು ಯಾರಿಗೆ? ಯಾರಿಗೂ ಅಲ್ಲ. ಯಾರಿಗೂ ಬೇಡವಾಗಿದ್ದನ್ನು ಎಲ್ಲರೂ ಸೇರಿ, ನಗುನಗುತ್ತ, ಅಜ್ಜಿಯ ಮಂಚದ ಕೆಳಗೆ ಇಟ್ಟಿದ್ದೆವು. ದೊಡ್ಡವರಿಗೆ ಎಲ್ಲ ಗೊತ್ತಿರುತ್ತದೆ, ಗೊತ್ತಿದ್ದರೆ ಅದರಂತೆ ನಡೆಯುತ್ತಾರೆ ಎಂದು ನಂಬಿದ್ದ ಮಗು ನಾನು. ಅವರಿಗೆ ಗೊತ್ತಿತ್ತು ಎನ್ನುವುದೇ ನನ್ನನ್ನು ತತ್ತರಿಸುವಂತೆ ಮಾಡಿತು. ಗೊತ್ತಿಲ್ಲದೆ ಮಾಡಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.

ಮುಂದೆ ನಾನು ಕುಶಾಲನಗರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ, ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ದುಡಿದೆ. ಮೀಟಿಂಗಿನಲ್ಲಿ ಎಲ್ಲರ ತಲೆಯೂ ಒಟ್ಟಿಗೆ ಹೌದು ಹೌದು ಎಂದು ಆಡತೊಡಗಿದರೆ ಸಾಕು, ನನಗೆ ಮಂಚ ಕಿರುಗುಟ್ಟಿದ ಸದ್ದು ಕೇಳುತ್ತಿತ್ತು. ನಾನು ಮೇಲಿನ ಕುರ್ಚಿಗೆ ಬಂದ ಮೇಲೆ ಏನನ್ನೇ ಬದಲಿಸುವುದಿದ್ದರೂ ಮೀಟಿಂಗಿಗೆ ಮೊದಲು ಒಬ್ಬೊಬ್ಬರ ಮೇಜಿನ ಹತ್ತಿರವೂ ಹೋಗಿ ಕೇಳುತ್ತಿದ್ದೆ. ಅದಕ್ಕೂ ಮೊದಲು, ಇದು ತಪ್ಪಾದರೆ ಗೋಡೆ ಬೀಳುವುದು ಯಾರ ಮೇಲೆ ಎಂದು ಯೋಚಿಸಿ, ಅವರ ಹತ್ತಿರ ಹೋಗುತ್ತಿದ್ದೆ. ಒಂದು ಸಲ ಕೆಳಗಿನ ಕೌಂಟರನ್ನು ಮಹಡಿಗೆ ಸಾಗಿಸಬೇಕೆಂದು ಎಲ್ಲರೂ ಒಕ್ಕೊರಲಿನಿಂದ ಒಪ್ಪಿದ್ದರು. ಬೇರೆ ಬೇರೆಯಾಗಿ ಕೇಳಿದರೆ ಒಬ್ಬರಿಗೂ ಅದು ಬೇಕಿರಲಿಲ್ಲ. ಅದು ಬೇಕಿರುವುದು ಮೇಲಿನ ಕುರ್ಚಿಯಲ್ಲಿದ್ದ ನನಗೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಮೇಡಂಗೆ ಅನುಮಾನ ಜಾಸ್ತಿ ಎಂದು ಬೆನ್ನ ಹಿಂದೆ ನಗುತ್ತಿದ್ದರಂತೆ. ನಗಲಿ, ಹಾಗೆ ಕೇಳುವುದನ್ನು ನಾನು ಬಿಡಲಿಲ್ಲ.

ಆಗ, ಆನೆ ಗೋಡೆ ಕೆಡವಿದ ಸುದ್ದಿ ಕೇಳಿ ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿಬಂದಳು. ಅಜ್ಜಿಯನ್ನು ತಬ್ಬಿಕೊಂಡು ಅತ್ತು, ಸಮಾಧಾನವಾದ ಮೇಲೆ ಆನೆ ಯಾಕೆ ಬಂತು ಎಂದು ಕೇಳಿದಳು. ನಿನಗೆಂದು ಇಟ್ಟಿದ್ದ ಹಲಸಿನಹಣ್ಣಿಗೆ ಎಂದರು ಅಪ್ಪ.

"ನಂಗಾ? ಮದ್ವೆ ಆದಾಗಿಂದ ನಾನು ಹಲಸು ಮುಟ್ಟಿಲ್ಲಣ್ಣ. ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ."

ಚಿಕ್ಕಪ್ಪನಿಗೆ ತಡೆಯಲಾರದ ನಗು ಬಂತು, ಎದ್ದು ಹೊರಗೆ ಹೋದ. ಅಪ್ಪ ನಗಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತೆವು. ಮಜ್ಜಿಗೆಯ ಹೊತ್ತಿಗೆ ಕೆಮ್ಮಿದರು. ಅವ್ವನ ಮಂಚವನ್ನು ಆಫೀಸು ಕೋಣೆಗೆ ಹಾಕೋಣ, ಮ್ಯಾನೇಜರು ಬಂದರೆ ಹೊರಗೆ ಜಗಲಿಯಲ್ಲಿ ಕೂರಲಿ ಎಂದರು. ನಮ್ಮ ಕೈಗಳು ಅಭ್ಯಾಸಬಲದಿಂದ ಆಗಲೇ ಏಳತೊಡಗಿದ್ದವು.

"ಇಳಿಸಿ" ಎಂದರು ಅಪ್ಪ. ಅಜ್ಜಿಯ ಕಡೆಗೆ ತಿರುಗಿದರು. "ಅವ್ವ, ನಿಂಗೇನನ್ಸುತ್ತೆ? ಮೊದ್ಲು ನೀನು ಹೇಳು."

"ನಂದೇನೈತಪ್ಪ. ನಿಮ್ಗೆಲ್ಲ ಸರಿ ಅಂದ್ರೆ ನಂಗೂ ಸರಿ."

"ಅದು ಬೇಡ. ನಿನ್ನ ಮನಸ್ಸಲ್ಲಿರೋದು ಹೇಳು. ಏನಾದ್ರೂ ಸರಿ, ಅದನ್ನೇ ಮಾಡ್ತೀನಿ."

ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅವಳು ನಮ್ಮೆಲ್ಲರ ಮನಸ್ಸಿಗೆ ಹಿತವಾದ ಏನನ್ನೋ ಹೇಳುತ್ತಾಳೆಂದು ನಾವು ಕಾದೆವು. ಮಂಚ ಕಿಟಕಿಯ ಪಕ್ಕ ಇರಲಿ ಎಂದೋ, ಲಾಟೀನು ತಲೆಯ ಹತ್ತಿರವೇ ಇರಲಿ ಎಂದೋ.

"ನನ್ನ ಮಗಳ ಜೊತೆ ಊರಿಗೆ ಕಳ್ಸಿಬಿಡಪ್ಪ" ಎಂದಳು ಅಜ್ಜಿ. "ನೀವ್ಯಾರೂ ನಂಗೆ ಕಡಿಮೆ ಮಾಡಿಲ್ಲ. ಆದ್ರೆ ಬಂದ ದಿನದಿಂದ ನಂಗಿಲ್ಲಿ ಭಯ. ಗೋಡೆ ಆಚೆ ಎಲೆ ಅಲ್ಲಾಡಿದ್ರೆ ಎದ್ದು ಕೂತ್ಕೊತೀನಿ. ಅದಕ್ಕೇ ಲಾಟೀನು ಆರಿಸ್ತಿರಲಿಲ್ಲ. ಒಂದು ದಿನಾನೂ ನೆಟ್ಟಗೆ ನಿದ್ದೆ ಮಾಡಿಲ್ಲ ಕಣಪ್ಪ ಈ ಮನೇಲಿ."

ಚಿಕ್ಕಪ್ಪ ರೇಗಿಸಿದಾಗ ನಾವೆಲ್ಲ ನಕ್ಕ ಲಾಟೀನು ಅದು. ನನಗೆ ಅಳು ಬಂತು. ಅಜ್ಜಿ ನಮ್ಮ ಜೊತೆ ಸುಖವಾಗಿದ್ದಾಳೆಂಬುದನ್ನು ನಾನು ಯೋಚಿಸಿ ನಂಬಿದ್ದಲ್ಲ. ಬೆಳಗಾಗುತ್ತದೆ ಎಂದು ನಂಬುವಂತೆ ನಂಬಿದ್ದೆ. ಅಪ್ಪನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಯಾಕವ್ವ ಇಷ್ಟು ವರ್ಷ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೈ ಎತ್ಸಿಬಿಡ್ತಿದ್ದೆ" ಎಂದಳು ಅಜ್ಜಿ. "ನೀವಷ್ಟು ಜನ, ನಾನೊಬ್ಳು. ಸೋತ್ಮೇಲೂ ಆ ಕೋಣೇಲೇ ಮಲಗ್ಬೇಕಲ್ಲ. ಅದಕ್ಕಿಂತ ಸುಮ್ನಿರೋದೇ ವಾಸಿ ಅನ್ನಿಸ್ತು."

ಅಪ್ಪನಿಗೆ ಅವಳನ್ನು ಕಳಿಸುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ತಂಗಿಯ ಮನೆಯಲ್ಲಿ ಜಾಗ ಕಡಿಮೆ, ಬಂಧುಗಳು ಏನೆಂದುಕೊಂಡಾರು, ಮಗನಿದ್ದೂ ತಾಯಿ ಮಗಳ ಮನೆಗೆ ಹೋದಳು ಎಂದಾರು, ಇವೆಲ್ಲ ಅವರ ಮುಖದ ಮೇಲೆ ಓಡಾಡುವುದು ನನಗೂ ಕಾಣುತ್ತಿತ್ತು. ಹೊಸ ಗೋಡೆ ಕಟ್ಟಿಸುತ್ತೇನೆ ಎಂದು ಹೇಳಲು ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. ಅದನ್ನೇ ಮಾಡುತ್ತೇನೆಂದು ಮಾತು ಕೊಟ್ಟಾಗಿತ್ತು. ಎರಡು ದಿನ ಬಿಟ್ಟು, ಅಜ್ಜಿಯ ಸೀರೆಗಳನ್ನು ಅಮ್ಮ ಟ್ರಂಕಿಗೆ ಮಡಿಸಿಟ್ಟಳು. ಅಪ್ಪ, ಅತ್ತೆ, ಅಜ್ಜಿ ಸಿದ್ದಾಪುರದಲ್ಲಿ ಬಸ್ಸು ಹತ್ತಿದರು. ನಾನು ಬಸ್ಸಿನ ಪಕ್ಕ ನಿಂತು ಅಜ್ಜಿಯ ಬೆರಳು ಹಿಡಿದುಕೊಂಡಿದ್ದೆ. ಬಸ್ಸು ಹೊರಟಾಗ ಅವಳು ಅಳುತ್ತಾಳೆಂದುಕೊಂಡೆ. ಅಜ್ಜಿ ಅಳಲಿಲ್ಲ. ಅವಳ ಮುಖದಲ್ಲಿ ನಾನೆಂದೂ ನೋಡಿರದ ಒಂದು ಹಗುರತನವಿತ್ತು.

ಅಪ್ಪ ಮಾರನೆಯ ದಿನ ಹಿಂತಿರುಗಿದರು. ಚಿಕ್ಕಪ್ಪ ಕೆಲಸದಿಂದ ಬಂದಿರಲಿಲ್ಲ. ಸಂಜೆ ಅಪ್ಪ, ನಾನು ಇಬ್ಬರೇ ಊಟಕ್ಕೆ ಕುಳಿತೆವು, ಅಮ್ಮ ಬಡಿಸಿದಳು. ಅಪ್ಪ ಅನ್ನ ಕಲಸುತ್ತ, ಅಜ್ಜಿ ಅಲ್ಲಿ ತಲುಪಿದ ರಾತ್ರಿ ದೀಪ ಆರಿಸಿ ಬೆಳಗಿನವರೆಗೂ ಗೊರಕೆ ಹೊಡೆದದ್ದನ್ನು ಹೇಳಿದರು. ನನ್ನ ತಾಯಿ ಮನಸ್ಸೇ ನನಗೆ ಗೊತ್ತಿರಲಿಲ್ಲ ಎಂದರು. ಆಮೇಲೆ ಏನೋ ನೆನಪಾದವರಂತೆ ತಲೆ ಎತ್ತಿ ಅಮ್ಮನನ್ನು ನೋಡಿದರು. ಅಮ್ಮ ಆ ನೋಟವನ್ನು ಕಂಡಳು.

"ನನ್ನ ಕೇಳ್ಬೇಡಿ" ಎಂದಳು. "ಕೇಳಿದ್ರೆ ನಾನೂ ಹೇಳ್ಬಿಡ್ತೀನಿ."

ನನ್ನ ತುತ್ತು ಕೈಯಲ್ಲೇ ಉಳಿಯಿತು. ಅಮ್ಮನಿಗೂ ಹೇಳಲು ಏನೋ ಇದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅಪ್ಪ ಕಲಸಿದ ಅನ್ನದಿಂದ ಕೈ ತೆಗೆದರು.

"ಹೇಳು" ಎಂದರು.

ಅಮ್ಮ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಎಲ್ಲರ ಊಟ ಮುಗಿಯುವವರೆಗೆ ಎಂದೂ ಕೂರದಿದ್ದವಳು ಅಪ್ಪನ ಎದುರಿಗೇ ನೆಲದ ಮೇಲೆ ಕುಳಿತು, ಸೆರಗಿನಿಂದ ಕೈ ಒರೆಸಿಕೊಂಡು, ಹೇಳತೊಡಗಿದಳು.